ಮೊಡವೆ, ಮಚ್ಚೆ ಮತ್ತು ಬಾಗಿದ ಬಾಗಿಲು

ಪ್ರಶ್ನೆ: ರೂಪದರ್ಶಿಯ ಪೋರ್ಟ್‌ಫೋಲಿಯೊಗೆ, ಅಂದರೆ ಕೆಲಸ ಕೇಳುವಾಗ ತೋರಿಸುವ ಚಿತ್ರಸಂಗ್ರಹಕ್ಕೆ, ಸೇರುವ ಚಿತ್ರಗಳನ್ನು ತಿದ್ದಬಹುದೇ? ತಿದ್ದಬಹುದಾದರೆ ಎಲ್ಲಿಯವರೆಗೆ?

ಪರ: ಕ್ಯಾಮೆರಾ ಅರ್ಧಕ್ಕೆ ಬಿಟ್ಟ ಕೆಲಸ

ಮೊನ್ನೆ ಒಂದು ಮುಖವನ್ನು ಪರದೆಯ ತುಂಬ ಹಿಗ್ಗಿಸಿಕೊಂಡು ಕೂತಿದ್ದೆ. ಗಲ್ಲದ ಬಲಕ್ಕೆ ಒಂದು ಮೊಡವೆ, ಚಿತ್ರೀಕರಣದ ಹಿಂದಿನ ರಾತ್ರಿ ಎದ್ದದ್ದು. ಕೆನ್ನೆಗೆ ಅಂಟಿದ ಒಂದು ರೆಪ್ಪೆಗೂದಲು. ಮೂಗಿನ ಪಕ್ಕದಲ್ಲಿ ಗಂಟು ಕಟ್ಟಿದ ಪೌಡರು. ಕಿವಿಯ ಹಿಂದಿನಿಂದ ಗಾಳಿಗೆ ಎದ್ದು, ಹಿನ್ನೆಲೆಯ ಬೆಳಕಿನಲ್ಲಿ ತಂತಿಯಂತೆ ಹೊಳೆಯುತ್ತಿದ್ದ ನಾಲ್ಕು ಎಳೆ ಕೂದಲು. ಎಲ್ಲವನ್ನೂ ತಿದ್ದಿ ತೆಗೆಯಲು ಇಪ್ಪತ್ತು ನಿಮಿಷದ ಕೆಲಸ. ಮುಗಿದ ಮೇಲೆ ಆ ಹುಡುಗಿಯನ್ನು ಚಿತ್ರದ ಪಕ್ಕ ನಿಲ್ಲಿಸಿದರೆ, ಇದು ಅವಳಲ್ಲ ಎನ್ನುವ ಧೈರ್ಯ ಯಾರಿಗೂ ಬಾರದು. ಇಷ್ಟಕ್ಕೆ ಮೋಸ ಎಂಬ ದೊಡ್ಡ ಮಾತು ಏಕೆ?

ತಿದ್ದದ ಚಿತ್ರವೇ ನಿಜವಾದ ಚಿತ್ರ ಎಂದು ಹೇಳುವವರು ಕ್ಯಾಮೆರಾವನ್ನು ಅಗತ್ಯಕ್ಕಿಂತ ಹೆಚ್ಚು ನಂಬಿದ್ದಾರೆ. ಅರ್ಧ ಮೀಟರ್ ದೂರದಲ್ಲಿ ನಿಂತು 35 ಎಂಎಂ ಲೆನ್ಸಿನಲ್ಲಿ ಮುಖ ತೆಗೆಯಿರಿ: ಮೂಗು ಮುಂದೆ ಬರುತ್ತದೆ, ಕಿವಿಗಳು ಹಿಂದೆ ಸರಿಯುತ್ತವೆ. ಅದೇ ಮುಖವನ್ನು ಎರಡು ಮೀಟರ್ ದೂರದಿಂದ 85 ಎಂಎಂನಲ್ಲಿ ತೆಗೆಯಿರಿ, ಎಲ್ಲ ಅದರದರ ಜಾಗಕ್ಕೆ ಬರುತ್ತದೆ. ಇವೆರಡರಲ್ಲಿ ಯಾವುದು ಅವಳ ಮೂಗು? ಪಕ್ಕದಿಂದ ಗಡುಸಾದ ಬೆಳಕು ಬಿದ್ದರೆ ಚರ್ಮದ ಒಂದೊಂದು ರಂಧ್ರಕ್ಕೂ ಒಂದೊಂದು ನೆರಳು ಹುಟ್ಟುತ್ತದೆ; ದೀಪವನ್ನು ಎದುರಿಗೆ ತಂದು ಮೆದು ಮಾಡಿದರೆ ಅದೇ ಚರ್ಮ ನುಣ್ಣಗಾಗುತ್ತದೆ. ದೀಪ ಸರಿಸಿದರೆ ಕಲೆ, ಇಲಿ ಸರಿಸಿದರೆ ವಂಚನೆ ಎಂಬ ಲೆಕ್ಕ ನನಗೆ ಅರ್ಥವಾಗಿಲ್ಲ. ಇಲಿ ಎಂದರೆ ಕಂಪ್ಯೂಟರಿನ ಮೌಸು, ಬಿಡಿ.

ಎದುರಿಗೆ ಕೂತು ಮಾತಾಡುವವರ ಮೊಡವೆ ನಮ್ಮ ಕಣ್ಣಿಗೆ ಎಷ್ಟು ಹೊತ್ತು ಬೀಳುತ್ತದೆ? ಮುಖ ಆಡುತ್ತಿರುತ್ತದೆ, ನೋಟ ಕಣ್ಣು ತುಟಿಗಳ ನಡುವೆ ಓಡಾಡುತ್ತಿರುತ್ತದೆ. ಕ್ಯಾಮೆರಾ ಒಂದು ಸೆಕೆಂಡಿನ 200ನೇ ಒಂದು ಪಾಲನ್ನು ಹಿಡಿದು ಗೋಡೆಗೆ ಮೊಳೆ ಹೊಡೆದುಬಿಡುತ್ತದೆ. ನೋಡುವವರ ಕಣ್ಣು ನೇರವಾಗಿ ಆ ಮೊಡವೆಗೇ ಹೋಗುತ್ತದೆ. ಅದನ್ನು ತೆಗೆದರೆ ಚಿತ್ರ ನಿಜಕ್ಕೆ ಒಂದು ಹೆಜ್ಜೆ ಹತ್ತಿರವಾಗುತ್ತದೆಯೇ ಹೊರತು ದೂರವಾಗುವುದಿಲ್ಲ.

ಇದು ಕಂಪ್ಯೂಟರು ತಂದ ಚಾಳಿಯೂ ಅಲ್ಲ. ಮ್ಯೂನಿಕ್‌ನ ಛಾಯಾಗ್ರಾಹಕ ಫ್ರಾಂಜ್ ಹಾನ್ಫ್‌ಸ್ಟೆಂಗಲ್ ತಿದ್ದಿದ ನೆಗೆಟಿವ್ ಒಂದನ್ನು ಪ್ಯಾರಿಸ್ಸಿನ ಪ್ರದರ್ಶನದಲ್ಲಿ ಇಟ್ಟದ್ದು 1855ರಲ್ಲಿ. ಆಮೇಲೆ ಸ್ಟುಡಿಯೊಗಳಲ್ಲಿ ಗಾಜಿನ ನೆಗೆಟಿವನ್ನು ಓರೆ ಹಲಗೆಯ ಮೇಲಿಟ್ಟು, ಹಿಂದಿನಿಂದ ಬೆಳಕು ಬಿಟ್ಟು, ಚೂಪು ಪೆನ್ಸಿಲಿನಿಂದ ಸುಕ್ಕು ಮುಚ್ಚುವವರೇ ಬೇರೆ ಇದ್ದರು. ಫೋಟೊಶಾಪ್ ಬಂದದ್ದು 1990ರಲ್ಲಿ.

ಹಾಗೆಂದು ಕೈಗೆ ಕಡಿವಾಣ ಬೇಡವೆಂದಲ್ಲ. ನಮ್ಮ ಕಸುಬಿನಲ್ಲಿ ಓಡಾಡುವ ಸರಳ ಕಟ್ಟಳೆ ಒಂದಿದೆ: ಎರಡು ವಾರದಲ್ಲಿ ತಾನಾಗಿ ಹೋಗುವುದನ್ನು ಈಗಲೇ ತೆಗೆ, ಹೋಗದ್ದನ್ನು ಮುಟ್ಟಬೇಡ. ಮೊಡವೆ, ಸೊಳ್ಳೆ ಕಚ್ಚಿದ ಗುರುತು, ಸಾಕ್ಸಿನ ಎಲಾಸ್ಟಿಕ್ ಒತ್ತಿದ ಗೆರೆ ಹೋಗಲಿ. ಮಚ್ಚೆ, ಗಾಯದ ಕಲೆ, ಮೂಗಿನ ಡೊಂಕು ಇರಲಿ. ಚರ್ಮವನ್ನು ಮಸುಕು ಮಾಡಿ ಮೇಣದ ಗೊಂಬೆ ಮಾಡುವವರನ್ನು ನಾನೂ ಒಪ್ಪುವುದಿಲ್ಲ. ಅದು ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತೆ. ಬಲ್ಲವರು ಮಸುಕುಗೊಳಿಸುವುದಿಲ್ಲ. ಕಲೆ ಬಿದ್ದಲ್ಲಿ ಒಂದಿಷ್ಟು ಬೆಳಕು, ಹೊಳಪು ಹೆಚ್ಚಿದಲ್ಲಿ ಒಂದಿಷ್ಟು ನೆರಳು ಹಚ್ಚುತ್ತಾರೆ. ರಂಧ್ರಗಳು ಇದ್ದಲ್ಲೇ ಇರುತ್ತವೆ.

ಇನ್ನು, ಯಾವ ಸಿಂಗಾರವೂ ಇಲ್ಲದ ರೂಪವೇ ಬೇಕೆನ್ನುವವರಿಗಾಗಿ ಡಿಜಿಟಲ್ಸ್ ಇವೆ. ಬೋಳು ಗೋಡೆ, ಕಿಟಕಿಯ ಬೆಳಕು, ಮೇಕಪ್ಪಿಲ್ಲದ ಮುಖ, ಮೈಗೆ ಹೊಂದುವ ಸಾದಾ ಉಡುಪು. ಎದುರಿನಿಂದ, ಪಕ್ಕದಿಂದ, ಪೂರ್ತಿ ಎತ್ತರಕ್ಕೆ ಒಂದೊಂದು. ಹಿಂದೆ ಪೋಲರಾಯ್ಡಿನಲ್ಲಿ ತೆಗೆಯುತ್ತಿದ್ದರು, ಹಳಬರು ಇಂದಿಗೂ ಅದೇ ಹೆಸರಿನಿಂದ ಕರೆಯುತ್ತಾರೆ. ಅವುಗಳಲ್ಲಿ ಒಂದು ಚುಕ್ಕೆಯನ್ನೂ ತಿದ್ದುವಂತಿಲ್ಲ, ತಿದ್ದಲೂಬಾರದು. ಪೋರ್ಟ್‌ಫೋಲಿಯೊದ ಕೆಲಸ ಬೇರೆ. ಬೆಳಕು, ಬಟ್ಟೆ, ಪ್ರಸಾಧನ ಎಲ್ಲ ಕೂಡಿಬಂದಾಗ ಈಕೆ ಏನಾಗಬಲ್ಲಳು ಎಂಬುದನ್ನು ಅದು ತೋರಿಸಬೇಕು. ಪತ್ರಿಕೆಗೆ ಹೋಗುವ ಚಿತ್ರವನ್ನು ಹೇಗೂ ತಿದ್ದುತ್ತಾರೆ. ಅಂಥವುಗಳ ಸಾಲಿನಲ್ಲಿ ಇವಳದೊಂದೇ ಹಸಿ ಚಿತ್ರವಿದ್ದರೆ ಜನ ಪ್ರಾಮಾಣಿಕ ಎನ್ನುವುದಿಲ್ಲ, ಅರೆಬರೆ ಎನ್ನುತ್ತಾರೆ.

ವಿರೋಧ: ಆ ಎರಡು ವಾರವನ್ನು ಎಣಿಸುವವರು ಯಾರು?

ನಾನು ಕೂರುವುದು ಮೇಜಿನ ಈಚೆ ಬದಿಯಲ್ಲಿ, ರೂಪದರ್ಶಿಯರನ್ನು ಆಯ್ಕೆ ಮಾಡುವ ಕಡೆ. ಒಮ್ಮೆ ನನ್ನ ಮುಂದೆ ಬಂದ ಪೋರ್ಟ್‌ಫೋಲಿಯೊದಲ್ಲಿ ಹುಡುಗಿಯೊಬ್ಬಳು ಬಾಗಿಲಿಗೆ ಒರಗಿ ನಿಂತ ಚಿತ್ರವಿತ್ತು. ಒಳ್ಳೆಯ ಚಿತ್ರ, ಕಣ್ಣಲ್ಲಿ ಜೀವ ಇತ್ತು, ಕರೆಸಿದೆವು. ಬಂದಾಗ ಉಡುಪಿನ ಜಿಪ್ಪು ಬೆನ್ನಿನ ನಡುವಿನಿಂದ ಮೇಲೇರಲಿಲ್ಲ. ಮಾದರಿ ಉಡುಪುಗಳನ್ನು ಒಂದೇ ಅಳತೆಗೆ ಹೊಲಿದು ತಂದಿರುತ್ತಾರೆ. ಅಲ್ಲಿ ನಿಂತುಕೊಂಡು ಬಿಚ್ಚಿ ಹೊಲಿಯಲಾಗದು. ಆಮೇಲೆ ಚಿತ್ರವನ್ನು ಮತ್ತೆ ನೋಡಿದೆ. ಅವಳ ಸೊಂಟದ ಪಕ್ಕದಲ್ಲಿ ಬಾಗಿಲ ಚೌಕಟ್ಟು ಒಳಕ್ಕೆ ಬಾಗಿತ್ತು. ಸೊಂಟವನ್ನು ಒಳಗೆ ತಳ್ಳಿದ ಕೈ ಮರವನ್ನೂ ತಳ್ಳಿತ್ತು.

ನನ್ನ ಮಿತ್ರರ ಎರಡು ವಾರದ ಕಟ್ಟಳೆ ಕೇಳಲು ಚೆನ್ನಾಗಿದೆ. ಕೆನ್ನೆಗೆ ಅಂಟಿದ ರೆಪ್ಪೆಗೂದಲನ್ನು ಅವರು ಧಾರಾಳವಾಗಿ ತೆಗೆಯಲಿ, ನಾನು ಜಗಳಕ್ಕೆ ಬರುವುದಿಲ್ಲ. ಆದರೆ ಕಣ್ಣ ಕೆಳಗಿನ ಕಪ್ಪು ನಿದ್ದೆಗೆಟ್ಟು ಬಂದದ್ದೋ ಹುಟ್ಟಿನಿಂದ ಇರುವುದೋ? ಮೊಡವೆ ಎರಡು ವಾರದಲ್ಲಿ ಹೋಯಿತು ಸರಿ, ಅದು ಬಿಟ್ಟುಹೋದ ಕುಳಿ? ತೊಡೆಯ ಮೇಲಿನ ಬಿಳಿ ಗೆರೆಗಳು? ತಿದ್ದುವವರು ಇವನ್ನು ಯಾರನ್ನೂ ಕೇಳುವುದಿಲ್ಲ, ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ತೀರ್ಮಾನಿಸುತ್ತಾರೆ. ಎಲ್ಲಕ್ಕಿಂತ ಕೆಟ್ಟದ್ದು ಮೈಬಣ್ಣದ ವಿಷಯ. ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನಿಂದ ಚಿತ್ರಕ್ಕೆ ಬಂದ ಬಣ್ಣದ ಛಾಯೆ, ಸರಿಪಡಿಸಿದೆ ಎನ್ನುತ್ತಾರೆ, ನೋಡಿದರೆ ಹುಡುಗಿಯ ಬಣ್ಣ ತಿಳಿಯಾಗಿರುತ್ತದೆ. ಬ್ಯಾಲೆನ್ಸ್ ಸರಿಪಡಿಸಿದಾಗ ಯಾರಾದರೂ ಕಪ್ಪಗಾದದ್ದನ್ನು ನಾನು ಇನ್ನೂ ನೋಡಿಲ್ಲ.

ತಿದ್ದುವ ಕೈಗೆ ಬೇರೆ ಆಸೆಯೂ ಇದೆ, ಅದನ್ನು ಅವರು ಹೇಳಲಿಲ್ಲ. ಹೊಸಬರ ಎಷ್ಟೋ ಚಿತ್ರೀಕರಣಗಳು ದುಡ್ಡಿನ ಮೇಲೆ ನಡೆಯುವುದಿಲ್ಲ. ರೂಪದರ್ಶಿ, ಛಾಯಾಗ್ರಾಹಕ, ಮೇಕಪ್ ಮಾಡುವವರು ಕೂಡಿ ದುಡಿದು, ಆ ಚಿತ್ರಗಳನ್ನೇ ಕೂಲಿಯಾಗಿ ಹಂಚಿಕೊಳ್ಳುತ್ತಾರೆ. ಟಿಎಫ್‌ಪಿ (ಟೈಮ್ ಫಾರ್ ಪ್ರಿಂಟ್) ಎನ್ನುವುದು ಇದಕ್ಕೇ. ಅಂದರೆ ಆ ಚಿತ್ರ ಛಾಯಾಗ್ರಾಹಕನ ಪೋರ್ಟ್‌ಫೋಲಿಯೊ ಕೂಡ ಹೌದು. ಅವನಿಗೆ ತನ್ನ ಕೈಚಳಕ ಕಾಣಬೇಕು. ಆದರೆ ಆ ಚಿತ್ರ ಹಿಡಿದು ನನ್ನ ಬಾಗಿಲಿಗೆ ಬರುವವಳು ಅವಳು. ಮೂಗಿಗಿಂತ ಮೂಗುತಿ ಭಾರವಾದರೆ ಹೊರಬೇಕಾದದ್ದು ಅವಳ ಮೂಗೇ.

ಹೋಗದ್ದನ್ನು ಮುಟ್ಟಬೇಡ ಎಂದರಲ್ಲ, ಅಷ್ಟನ್ನಾದರೂ ಪಾಲಿಸಿದ್ದರೆ ಚೆನ್ನಾಗಿತ್ತು. ಅಮೆರಿಕದ ರೂಪದರ್ಶಿ ಲಾರೆನ್ ಹಟನ್ ಅವರ ಮುಂದಿನ ಎರಡು ಹಲ್ಲುಗಳ ನಡುವೆ ಸಂದಿ. ಮೊದಮೊದಲು ಅದಕ್ಕೆ ಮೇಣ ತುಂಬಿ ಮುಚ್ಚಿಕೊಳ್ಳುತ್ತಿದ್ದರು. 1973ರಲ್ಲಿ ರೆವ್ಲಾನ್ ಪ್ರಸಾಧನ ಕಂಪನಿಯ ದೊಡ್ಡ ಒಪ್ಪಂದ ಸಿಕ್ಕಾಗ ಆ ಸಂದಿ ಅವರ ಗುರುತೇ ಆಗಿತ್ತು. ಕೆನಡಾದ ರೂಪದರ್ಶಿ ವಿನ್ನಿ ಹಾರ್ಲೋ ಅವರ ಮೈಮೇಲೆ ತೊನ್ನಿದೆ. 2014ರಲ್ಲಿ ಟಿವಿಯಲ್ಲಿ ಕಾಣಿಸಿಕೊಂಡ ಮೇಲೆ ಜಗತ್ತು ಅವರನ್ನು ಗುರುತಿಸಿದ್ದು ಆ ಚರ್ಮದಿಂದಲೇ. ಇಂಥವರ ಮೊದಲ ಪೋರ್ಟ್‌ಫೋಲಿಯೊ ನಮ್ಮ ಶ್ರದ್ಧಾವಂತ ತಿದ್ದುಗಾರರ ಕೈಗೆ ಸಿಕ್ಕಿದ್ದರೆ ಏನುಳಿಯುತ್ತಿತ್ತು?

ಮೈಯ ಆಕಾರ ತಿದ್ದಿದ ಚಿತ್ರಗಳ ಬಗ್ಗೆ ಕಾನೂನುಗಳೂ ಬಂದಿವೆ. ಇಸ್ರೇಲ್ 2012ರಲ್ಲೇ ಇದಕ್ಕೆ ಕಾನೂನು ಮಾಡಿತು. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ, ರೂಪದರ್ಶಿಯ ಮೈಯನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದ ವಾಣಿಜ್ಯ ಚಿತ್ರದ ಮೇಲೆ ತಿದ್ದಿದ ಛಾಯಾಚಿತ್ರ ಎಂದು ಬರೆಯಲೇಬೇಕು. ಬರೆಯದಿದ್ದರೆ 37,500 ಯೂರೊ ದಂಡ. ನಾರ್ವೆಯಲ್ಲಿ ಇಂಥದೇ ನಿಯಮ 2022ರ ಜುಲೈನಲ್ಲಿ ಜಾರಿಗೆ ಬಂತು. ಇವೆಲ್ಲ ಜಾಹೀರಾತಿಗೆ ಸಂಬಂಧಿಸಿದವು, ಪೋರ್ಟ್‌ಫೋಲಿಯೊಗಲ್ಲ. ನನ್ನನ್ನು ಕಾಡುವುದೂ ಅದೇ. ಜಾಹೀರಾತನ್ನು ಈಗ ಮಕ್ಕಳೂ ಅನುಮಾನದಿಂದಲೇ ನೋಡುತ್ತಾರೆ, ಅದಕ್ಕೆ ಚೀಟಿ ಅಂಟಿಸಬೇಕು. ಅಳತೆ, ಎತ್ತರ, ಪಾದದ ಗಾತ್ರ ಬರೆದ ಕಾರ್ಡಿನ ಜೊತೆ ನನ್ನ ಮೇಜಿಗೆ ಬರುವ ಚಿತ್ರಕ್ಕೆ ಯಾವ ಚೀಟಿಯೂ ಇಲ್ಲ.

ಡಿಜಿಟಲ್ಸ್ ಇವೆಯಲ್ಲ ಎನ್ನುವ ವಾದ ನನಗೆ ನಗು ತರಿಸುತ್ತದೆ. ಅಂಗಡಿಯಲ್ಲಿ ಸರಿಯಾದ ತಕ್ಕಡಿ ಒಂದಿದೆ, ಆದ್ದರಿಂದ ಇನ್ನೊಂದರಲ್ಲಿ ತೂಕ ಹೇಗಿದ್ದರೂ ನಡೆಯುತ್ತದೆ ಎಂದಂತಾಯಿತು. ನಾವು ಇಂದಿಗೂ ಡಿಜಿಟಲ್ಸ್ ಬಿಡದೆ ಕೇಳುವುದು ಪೋರ್ಟ್‌ಫೋಲಿಯೊದ ಮೇಲೆ ನಂಬಿಕೆ ಸಾಲದೆ ಇರುವುದರಿಂದ. ಹೊಸಬರು ಡಿಜಿಟಲ್ಸ್ ಕಳಿಸಬೇಕೆಂದು ತಿಳಿಯದೆ ಬರೀ ಪೋರ್ಟ್‌ಫೋಲಿಯೊ ಕಳಿಸುತ್ತಾರೆ, ಅವರನ್ನು ಅಳೆಯುವುದು ಆ ತಪ್ಪು ತಕ್ಕಡಿಯಲ್ಲೇ.

ಬಾಗಿಲಿಗೆ ಒರಗಿದ ಹುಡುಗಿಗೆ ಅವತ್ತು ಕೆಲಸ ಕೊಡಲಾಗಲಿಲ್ಲ. ಹೊರಡುವ ಮೊದಲು ಅವಳಿಗೆ ಆ ಚೌಕಟ್ಟನ್ನು ತೋರಿಸಿದೆ. ಚಿತ್ರವನ್ನು ಮುಖದ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಸೊಂಟ ತಿದ್ದಿದ್ದಾರೆ ಎಂದು ನನಗೆ ಹೇಳಿರಲೇ ಇಲ್ಲ, ಮೇಡಂ," ಎಂದಳು. "ಅವತ್ತು ನಾನು ಚೆನ್ನಾಗಿ ನಿಂತಿದ್ದೆ ಅಂದುಕೊಂಡಿದ್ದೆ."