ರಾತ್ರಿ ಅರಳಿ ಮರಕ್ಕೆ ಲೈಟ್ ಹಾಕೋರು ಯಾರು?

ಜೂನ್ 5ರ ಪರಿಸರ ದಿನಕ್ಕೆ ಮಗಳು ಶಾಲೆಯಲ್ಲಿ ಭಾಷಣ ಮಾಡಿದಳು. ಹತ್ತನೇ ಕ್ಲಾಸು. "ಅರಳಿ ಮರ ದಿನದ 24 ಗಂಟೆಯೂ ಆಮ್ಲಜನಕ ಕೊಡುತ್ತದೆ" ಅಂದಾಗ ಜೋರು ಚಪ್ಪಾಳೆ ಬಿತ್ತಂತೆ. ಮೊದಲ ಬಹುಮಾನವೂ ಬಂತು. ಆ ಸಾಲು ಬರೆದುಕೊಟ್ಟವನು ನಾನೇ. ನನಗೆ ಅದು ಸಿಕ್ಕಿದ್ದು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿನಲ್ಲಿ.

ಆಮೇಲೊಂದು ದಿನ, ಗಿಡ ಆಹಾರ ತಯಾರಿಸಿ ಆಮ್ಲಜನಕ ಬಿಡುವ ದ್ಯುತಿಸಂಶ್ಲೇಷಣೆಯ ಪಾಠ ಓದುತ್ತಾ ಕೂತಿದ್ದವಳು ಕೇಳಿದಳು: "ಅಪ್ಪಾ, ಇದಕ್ಕೆ ಬೆಳಕು ಬೇಕೇ ಬೇಕು ಅಂತಿದೆ. ರಾತ್ರಿ ಅರಳಿ ಮರಕ್ಕೆ ಲೈಟ್ ಹಾಕೋರು ಯಾರು?"

ನಗು ಬಂತು. ಉತ್ತರ ಬರಲಿಲ್ಲ.

ಗೂಗಲ್ ಮಾಡೋಣ ಅಂದೆ. ಬೇಡ, ನೋಡೇ ಬಿಡೋಣ ಅಂದಳು. ಅಕ್ವೇರಿಯಂ ಅಂಗಡಿಯಿಂದ ಒಂದು ಹಿಡಿ ಹೈಡ್ರಿಲ್ಲಾ ತಂದೆವು. ಅರಳಿ ಎಲೆಯಲ್ಲಿ ಆಮ್ಲಜನಕದ ಗುಳ್ಳೆ ಎಣಿಸೋದು ಕಷ್ಟ, ನೀರಿನ ಗಿಡದಲ್ಲಿ ಸಲೀಸು. ಗಾಜಿನ ಲೋಟದಲ್ಲಿ ನೀರು, ಒಂದು ಚಿಟಿಕೆ ಅಡುಗೆ ಸೋಡಾ, ಕತ್ತರಿಸಿದ ತುದಿ ಮೇಲೆ ಬರುವಂತೆ ಗಿಡ. ಟೇಬಲ್ ಲ್ಯಾಂಪ್ ಹತ್ತಿರ ತಂದರೆ ಆ ತುದಿಯಿಂದ ಸಣ್ಣ ಗುಳ್ಳೆಗಳು ಸಾಲಾಗಿ ಏಳುತ್ತವೆ. ನಿಮಿಷಕ್ಕೆ 18 ಎಣಿಸಿದೆವು. ಲ್ಯಾಂಪ್ ದೂರ ಸರಿಸಿದರೆ 7. ಆರಿಸಿ, ಲೋಟದ ಮೇಲೆ ರಟ್ಟಿನ ಡಬ್ಬ ಕವುಚಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ ನೋಡಿದರೆ ಒಂದೂ ಇಲ್ಲ.

ನನ್ನ ಪ್ರಕಾರ ಅಲ್ಲಿಗೆ ಮುಗಿದಿತ್ತು. ಅವಳದು ಮುಗಿದಿರಲಿಲ್ಲ. "ಇದು ಹಳೇ ಬಲ್ಬು, ಬಿಸಿಯಾಗುತ್ತೆ. ಬಿಸಿಗೇ ಗುಳ್ಳೆ ಬಂದಿರಬಹುದಲ್ವಾ?" ಹೌದಲ್ಲ! ಒಲೆ ಮೇಲಿಟ್ಟ ನೀರಿನಲ್ಲೂ ಕುದಿಯುವ ಮೊದಲೇ ಪಾತ್ರೆ ಅಂಚಿಗೆ ಗುಳ್ಳೆ ಕೂರುತ್ತವೆ. ಅಷ್ಟೇ ನೀರು, ಅಷ್ಟೇ ಸೋಡಾ ಹಾಕಿದ ಇನ್ನೊಂದು ಲೋಟವನ್ನು ಗಿಡವಿಲ್ಲದೆ ಅದೇ ಲ್ಯಾಂಪಿನ ಮುಂದೆ ಇಟ್ಟೆವು. ಗಾಜಿಗೆ ಒಂದೆರಡು ಗುಳ್ಳೆ ಅಂಟಿದವು, ಆ ಸಾಲು ಮಾತ್ರ ಏಳಲಿಲ್ಲ. ನಿಜ ಹೇಳ್ತೀನಿ, ಇಡೀ ಪ್ರಯೋಗದಲ್ಲಿ ನನಗೆ ಖುಷಿ ಕೊಟ್ಟದ್ದು ಆ ಖಾಲಿ ಲೋಟ.

(ಗುಳ್ಳೆಯ ಗಾಳಿ ಆಮ್ಲಜನಕವೇನಾ ಅಂತ ತಿಳಿಯೋಕೆ, ಅದನ್ನು ಹಿಡಿದು ಊದುಬತ್ತಿ ಕೆಂಡ ಭಗ್ಗನೆ ಉರಿಯುತ್ತಾ ಅಂತಲೂ ನೋಡಿದೆವು. ಎರಡು ದಿನ ಕಾದರೂ ಉಗುರಿನಷ್ಟೇ ಗಾಳಿ ಸೇರಿತ್ತು. ಏನೂ ಆಗಲಿಲ್ಲ.)

1779ರಲ್ಲಿ ಇಂಗೆನ್‌ಹೌಸ್ ಎಂಬ ಡಚ್ ವೈದ್ಯ ಇಂಗ್ಲೆಂಡಿನಲ್ಲಿ ಮಾಡಿದ್ದೂ ಇದೇ. ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಾ ಒಂದಿಡೀ ಬೇಸಿಗೆ ಕಳೆದ. ಸೂರ್ಯನ ಬಿಸಿಯಿಂದ ಅಲ್ಲ, ಬೆಳಕಿನಿಂದಲೇ ಹೀಗಾಗುತ್ತದೆ ಎಂದು ತೀರ್ಮಾನಿಸಿದ. ಕತ್ತಲಲ್ಲಿ ಗಿಡವೂ ನಮ್ಮ ಹಾಗೆ ಗಾಳಿ ಕೆಡಿಸುತ್ತದೆ ಅಂತಲೂ ಕಂಡುಕೊಂಡ. ಮಗಳ ಅನುಮಾನಕ್ಕೆ ಹತ್ತಿರ ಹತ್ತಿರ 250 ವರ್ಷ ವಯಸ್ಸು ಅಂತಾಯ್ತು.

ಇಷ್ಟಾಗುವಾಗ ನಮ್ಮಮ್ಮ ಬಂದು, "ಅದಕ್ಕೇ ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅನ್ನೋದು, ನೋಡಿದ್ಯಾ?" ಅಂದರು. ದೆವ್ವದ ಜಾಗಕ್ಕೆ ಈಗ ರಾತ್ರಿ ಮರ ಬಿಡುವ ಇಂಗಾಲದ ಡೈಆಕ್ಸೈಡ್ ಬಂದು ಕೂತಿದೆ. ಬಯಲಿನಲ್ಲಿ ಗಾಳಿ ಆಡುತ್ತಿರುತ್ತದೆ, ಮರ ಬಿಟ್ಟದ್ದು ಅಲ್ಲೇ ನಿಲ್ಲೋದಿಲ್ಲ. ಪಕ್ಕದಲ್ಲಿ ಮಲಗಿದವರೂ ಅದನ್ನೇ ಬಿಡ್ತಾರಲ್ಲ. "ಅಜ್ಜೀ, ಹಾಗಾದ್ರೆ ಇವತ್ತಿನಿಂದ ನೀವು ಬೇರೆ ರೂಮು" ಅಂದಳು ಮಗಳು.

ನನ್ನ ತಕರಾರು ಇಷ್ಟೇ. ಪರಿಸರ ಅಂದರೆ ಮಕ್ಕಳಿಗೆ ನಾವು ಘೋಷಣೆ ಕಲಿಸುತ್ತೇವೆ. ಭೂಮಿಗೆ ಕಣ್ಣೀರು ಬರೆದ ಚಿತ್ರ, ಒಂದು ಭಾಷಣ, ಒಂದು ಸಸಿ, ಫೋಟೋ. "ಹೇಗೆ ಗೊತ್ತು?", "ಎಷ್ಟು?" ಅನ್ನೋ ಎರಡು ಪ್ರಶ್ನೆ ಕೇಳೋಕೆ ಕಲಿಸೋದೇ ಇಲ್ಲ. ಈ "ಎಷ್ಟು" ಕೇಳಿ ನೋಡಿ. ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ. 21. ನಮ್ಮ ಬೀದಿಯ ಒಂದು ಮರದಿಂದ ಅದು ಏರೋದೂ ಇಲ್ಲ, ಇಳಿಯೋದೂ ಇಲ್ಲ. ಇಂಗಾಲದ ಡೈಆಕ್ಸೈಡ್ ಇರೋದು ಶೇ. 0.04ರಷ್ಟು, ಚೂರೇ ಚೂರು. ಚೂರೇ ಇರೋದರಿಂದ ಸ್ವಲ್ಪ ಸೇರಿದರೂ ಲೆಕ್ಕ ಬದಲಾಗುತ್ತದೆ. ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ 1958ರಿಂದ ಅಳೆಯುತ್ತಿದ್ದಾರೆ. ಆಗ ಹತ್ತು ಲಕ್ಷದಲ್ಲಿ ಸುಮಾರು 315 ಭಾಗ ಇತ್ತು, ಈಗ 420 ದಾಟಿದೆ. ಭಾಷಣದಲ್ಲಿ ಹೇಳಬೇಕಿದ್ದದ್ದು ಇದು.

ಅರಳಿ ಮರದ ಮೇಲೆ ನನಗೇನೂ ಕೋಪ ಇಲ್ಲ. ಅದರ ಹಣ್ಣಿಗೆ ಕುಟ್ರಹಕ್ಕಿ, ಕೋಗಿಲೆ, ಬಾವಲಿ ಎಲ್ಲ ಬರ್ತಾವೆ. ಕಟ್ಟೆ ಮೇಲೆ ಮಧ್ಯಾಹ್ನ ಕೂತವರಿಗೆ ನೆರಳು ಏನಂತ ಗೊತ್ತು. ಇಷ್ಟಿರುವಾಗ ಇಲ್ಲದ್ದೊಂದನ್ನು ಯಾಕೆ ಸೇರಿಸಬೇಕು?

ಮೊನ್ನೆ ನರ್ಸರಿಗೆ ಹೋಗಿದ್ದೆವು. ಸ್ನೇಕ್ ಪ್ಲಾಂಟ್ ಕುಂಡದ ಮೇಲೆ ಚೀಟಿ: "ರಾತ್ರಿ ಆಮ್ಲಜನಕ ಕೊಡುವ ಗಿಡ, ಬೆಡ್‌ರೂಮಿಗೆ ಉತ್ತಮ." ಕಳ್ಳಿ, ಅನಾನಸ್, ಲೋಳೆಸರದ ಹಾಗೆ ಇದೂ ರಾತ್ರಿ ಎಲೆಯ ರಂಧ್ರ ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆಳೆದು ಕೂಡಿಡುವ ಗಿಡ. ಆಮ್ಲಜನಕ ತಯಾರಿಸೋಕೆ ಅದಕ್ಕೂ ಬೆಳಕೇ ಆಗಬೇಕು.

"ಅಣ್ಣಾ, ಹೇಗೆ ಗೊತ್ತು?" ಅಂತ ಮಗಳು ಅಂಗಡಿಯವರನ್ನು ಕೇಳಿಯೇ ಬಿಟ್ಟಳು.

"ಎಲ್ರೂ ಹೇಳ್ತಾರಲ್ಲಮ್ಮ!"

ಗಿಡ ತಂದೆವು. ಬಿಸಿಲಲ್ಲಿ ರಂಧ್ರ ಮುಚ್ಚಿಕೊಂಡು ನೀರು ಉಳಿಸುತ್ತದೆ, ನಾನು ವಾರಗಟ್ಟಲೆ ನೀರು ಹಾಕೋದು ಮರೆತರೂ ಸಾಯೋದಿಲ್ಲ.