ರಿಲೀಸ್ ತಡೆಯುವ ಅಧಿಕಾರ ಪ್ರಾಜೆಕ್ಟ್ ಮ್ಯಾನೇಜರ್ ಕೈಯಲ್ಲೇ ಇರಬೇಕೇ?

ಪರ

ನಾಳೆ ಸಾಫ್ಟ್‌ವೇರ್ ರಿಲೀಸ್. ಇವತ್ತು ಸಂಜೆ ಟೆಸ್ಟರ್ ಒಂದು ಸ್ಕ್ರೀನ್ ತೋರಿಸುತ್ತಾರೆ. 'ನನ್ನ ಮಾಹಿತಿಯನ್ನು ಬೇರೆಯವರಿಗೆ ಕೊಡಬಹುದು' ಎಂಬ ಸಾಲಿನ ಮುಂದೆ ಟಿಕ್ ಮೊದಲೇ ಬಿದ್ದಿದೆ. ತೆಗೆಯಬೇಕಾದರೆ ಮೂರು ಪುಟ ದಾಟಿ ಹೋಗಬೇಕು. ಇದು ಬಗ್ ಅಲ್ಲ, ಬೇಕಂತಲೇ ಮಾಡಿದ್ದು. ಕೇಳಿದರೆ ಡಿಸೈನರ್ ಮಾರ್ಕೆಟಿಂಗ್ ಕಡೆ ಕೈ ತೋರಿಸುತ್ತಾರೆ, ಮಾರ್ಕೆಟಿಂಗ್‌ನವರು ಟಾರ್ಗೆಟ್ ಕಡೆ. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ಮಾಹಿತಿ ರಕ್ಷಣೆಯ ಕಾನೂನು ಇಂಥ ಟಿಕ್ಕನ್ನು ಒಪ್ಪಿಗೆ ಅಂತ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅಂಥ ಕಾನೂನು ಇಲ್ಲದ ಕಡೆ ಯಾರು ಕೇಳಬೇಕು?

ಪ್ರಾಜೆಕ್ಟ್ ಮ್ಯಾನೇಜರ್ ಕೇಳಬೇಕು. ಡೆವಲಪರ್‌ಗೆ ಕಾಣುವುದು ತನ್ನ ಟಿಕೆಟ್ (ತನ್ನ ಪಾಲಿಗೆ ಬಂದ ಕೆಲಸ), ಮೇಲಿನವರಿಗೆ ಕಾಣುವುದು ತಾರೀಖು. ಎರಡನ್ನೂ ಒಟ್ಟಿಗೆ ನೋಡುವ ಜಾಗದಲ್ಲಿ ಕೂತವರು ಇವರೇ ಅಲ್ವಾ? ಬ್ರಿಟನ್ನಿನ ಅಂಚೆ ಕಚೇರಿಗಳಿಗೆ 1999ರಿಂದ ಬಂದ ಹೊರೈಜನ್ ಸಾಫ್ಟ್‌ವೇರ್ ಇಲ್ಲದ ಕೊರತೆಯನ್ನು ಲೆಕ್ಕದಲ್ಲಿ ತೋರಿಸಿತು. ಕೊನೆಗೆ ಆ ಕಚೇರಿ ನಡೆಸುತ್ತಿದ್ದ 900ಕ್ಕೂ ಹೆಚ್ಚು ಜನ ಕಳ್ಳತನ, ವಂಚನೆಯಂಥ ಆರೋಪದಲ್ಲಿ ತಪ್ಪಿತಸ್ಥರು ಅಂತ ತೀರ್ಪಾಯಿತು. ಕೆಲವರು ಜೈಲಿಗೂ ಹೋದರು. ಅದರಲ್ಲಿ ದೋಷ ಇದೆ ಅಂತ ಒಳಗಿನವರಿಗೆ ಗೊತ್ತಿತ್ತು. ಗೊತ್ತಿದ್ದವರ ಕೈಯಲ್ಲಿ ನಿಲ್ಲಿಸುವ ಅಧಿಕಾರವೂ ಇರಬೇಕು. ಇಲ್ಲದಿದ್ದರೆ ಆ ತಿಳಿವಳಿಕೆ ಸುಮ್ನೆ ಒಂದು ಇಮೇಲ್ ಆಗಿ ಉಳಿಯುತ್ತದೆ.

ವಿರೋಧ

ಅಧಿಕಾರ ಕೊಡುವುದು ಸುಲಭ. ಆದರೆ ಆ ಮ್ಯಾನೇಜರ್‌ನ ಬಡ್ತಿ, ಬೋನಸ್ ಬಹಳ ಸಲ ಅದೇ ತಾರೀಖಿಗೆ ಗಂಟು ಬಿದ್ದಿರುತ್ತದೆ. ಈ ಕೆಲಸದಲ್ಲಿರುವವರು 'ಕಲ್ಲಂಗಡಿ ರಿಪೋರ್ಟ್' ಅನ್ನುತ್ತಾರೆ: ಹೊರಗೆ ಹಸಿರು (ಎಲ್ಲ ಸರಿ ಇದೆ), ಒಳಗೆಲ್ಲ ಕೆಂಪು (ತೊಂದರೆ ಇದೆ). ತಂಡ ಕೆಂಪು ಅಂತ ಬರೆದದ್ದು ಮೇಲೆ ಹೋಗುವಷ್ಟರಲ್ಲಿ ಹಸಿರಾಗಿರುತ್ತದೆ. ಬಣ್ಣ ಬದಲಿಸುವವರು ಎಷ್ಟೋ ಸಲ ಇದೇ ಮ್ಯಾನೇಜರ್. ಕೆಟ್ಟವರು ಅಂತಲ್ಲ, ಹೆದರಿರುತ್ತಾರೆ.

ಒಬ್ಬರ ಕೈಗೆ ಕೊಟ್ಟರೆ ಒತ್ತಡವೂ ಅವರೊಬ್ಬರ ಮೇಲೇ. 1986ರ ಜನವರಿ 27ರ ರಾತ್ರಿ, ಚಳಿಗೆ ರಾಕೆಟ್ಟಿನ ರಬ್ಬರ್ ಉಂಗುರಗಳು ಕೈ ಕೊಡಬಹುದು, ಚಾಲೆಂಜರ್ ಬಾಹ್ಯಾಕಾಶ ನೌಕೆಯನ್ನು ಹಾರಿಸಬೇಡಿ ಅಂತ ರಾಕೆಟ್ ಮಾಡಿದ ಕಂಪನಿಯ ಎಂಜಿನಿಯರ್‌ಗಳು ಹೇಳಿದ್ದರು. ಅವರ ಮುಖ್ಯಸ್ಥರೂ ಮೊದಲು ಅದನ್ನೇ ಹೇಳಿದರು. 'ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ' ಅಂತ ಮೇಲಿನವರು ಅಂದ ಮೇಲೆ ಅವರು ಮಣಿದರು. ಮರುದಿನ, ಹಾರಿದ 73 ಸೆಕೆಂಡಿಗೆ, ನೌಕೆ ಒಡೆಯಿತು, ಒಳಗಿದ್ದ 7 ಜನ ಸತ್ತರು.

ಅದಕ್ಕೇ ಯಾವುದು ಇದ್ದರೆ ರಿಲೀಸ್ ಇಲ್ಲ ಅಂತ ಕೆಲಸ ಶುರುವಾಗುವ ಮೊದಲೇ ಬರೆದಿಡಬೇಕು. ತಡೆಯುವ ಹಕ್ಕು ಟೆಸ್ಟರ್‌ಗೂ ಇರಬೇಕು. ಕೊನೆಯ ಮಾತು ತಾರೀಖಿನ ಹಂಗಿಲ್ಲದವರದ್ದಾಗಬೇಕು.

ನನ್ನ ದೊಡ್ಡ ಚಿಂತೆ ಇನ್ನೊಂದಿದೆ. ಮ್ಯಾನೇಜರ್ ನೋಡ್ಕೋತಾರೆ ಅಂದುಕೊಂಡ ತಕ್ಷಣ ಉಳಿದವರು ನೋಡುವುದನ್ನೇ ಬಿಡುತ್ತಾರೆ. ಆ ಟಿಕ್ಕಿನ ಕೋಡ್ ಒಬ್ಬರು ಬರೆದರು, ಇನ್ನೊಬ್ಬರು ರಿವ್ಯೂ ಮಾಡಿದರು. ರಿಲೀಸಿನ ಹಿಂದಿನ ಸಂಜೆವರೆಗೂ ಅವರಿಬ್ಬರೂ ಯಾಕೆ ಬಾಯಿ ಬಿಡಲಿಲ್ಲ?