ನೋವು ಶುರುವಾಗಿದ್ದು ಎಷ್ಟೊತ್ತಿಗೆ ಅಂತ ಒಬ್ರೂ ಕೇಳ್ಲಿಲ್ಲ

ಹದಿನೈದು ದಿನ ಸುಮ್ನಿದ್ದೆ. ಇವತ್ತು ಕಬೋರ್ಡ್‌ನಲ್ಲಿ ಆ ನರ್ಸಿಂಗ್ ಹೋಂ ಫೈಲು ಸಿಕ್ತು, ಮತ್ತೆ ಮೈ ಉರೀತಿದೆ.

ನಮ್ಮದು ಶಿಡ್ಲಘಟ್ಟ. ಅಪ್ಪ ರೀಲರ್, ರೇಷ್ಮೆ ಗೂಡಿಂದ ನೂಲು ತೆಗೆಯೋರು. ಸಂಕ್ರಾಂತಿ ಮುಗಿದ ವಾರ, ಬೆಳಗಿನ ಜಾವ 5 ಗಂಟೆಗೆ ಗೂಡು ಬೇಯೋ ಬಿಸಿನೀರಿನ ಮುಂದೆ ಕೂತಿದ್ದೋರು ಎದೆ ಹಿಡ್ಕೊಂಡು ಎದ್ರು. ಆ ಚಳೀಲೂ ಬನಿಯನ್ ಹಿಂಡಿದ್ರೆ ನೀರು ಸುರಿಯೋಷ್ಟು ಬೆವರು. 5.45ಕ್ಕೆ ಆಸ್ಪತ್ರೇಲಿದ್ವಿ.

ಇಸಿಜಿ ತೆಗೆದ್ರು, ನಾರ್ಮಲ್ ಅಂದ್ರು. ಬೆರಳುದ್ದದ ಪ್ಲಾಸ್ಟಿಕ್ ಕಾರ್ಡಿನ ಮೇಲೆ ರಕ್ತದ ಹನಿ ಬಿಟ್ರು. ಕಾಲು ಗಂಟೆ ಬಿಟ್ಟು ನೋಡಿದ್ರೆ ಒಂದೇ ಗೆರೆ. "ಟ್ರೋಪೋನಿನ್ ನೆಗೆಟಿವ್, ಹಾರ್ಟ್ ಚೆನ್ನಾಗಿದೆ. ರಾತ್ರಿ ಏನು ತಿಂದ್ರಿ?" ಅಮ್ಮ ಹಿತಕಿದ ಅವರೆಬೇಳೆ ಸಾರು ಅಂದಿದ್ದೇ ತಡ, ಡ್ಯೂಟಿ ಡಾಕ್ಟರಿಗೆ ರೋಗ ಸಿಕ್ಕೇಬಿಡ್ತು. ಗ್ಯಾಸ್! ಒಂದು ಇಂಜೆಕ್ಷನ್, ಹತ್ತು ಮಾತ್ರೆ, ಮನೆಗೆ.

ಹೃದಯದ ಸ್ನಾಯು ಸತ್ತಾಗ ಅದರೊಳಗಿನ ಟ್ರೋಪೋನಿನ್ ಅನ್ನೋ ಪ್ರೋಟೀನು ರಕ್ತಕ್ಕೆ ಸೋರಬೇಕು. ಅದು ಆ ಕಾರ್ಡಿಗೆ ಕಾಣೋಷ್ಟು ಆಗೋಕೆ ಮೂರ್ನಾಲ್ಕು ಗಂಟೆಯಾದ್ರೂ ಬೇಕು, ಕೆಲವರಿಗೆ ಆರೂ ಆಗುತ್ತೆ. ಹೈ ಸೆನ್ಸಿಟಿವಿಟಿ ಮಷೀನು ಇನ್ನೂ ಬೇಗ ಹಿಡಿಯುತ್ತೆ, ಆದ್ರೆ ನೋವು ಈಗಷ್ಟೇ ಶುರುವಾಗಿದ್ರೆ ಅದರಲ್ಲೂ ಒಂದ್ಸಲ ನೋಡಿ ಕಳಿಸೋ ಹಾಗಿಲ್ಲ. ಒಂದೋ ಎರಡೋ ಮೂರೋ ಗಂಟೆ ಬಿಟ್ಟು ಮತ್ತೆ ರಕ್ತ ತೆಗೆದು, ಏರ್ತಿದೆಯಾ ಅಂತ ನೋಡಬೇಕು. ಇಸಿಜಿನೂ ಅಷ್ಟೇ, ಮತ್ತೆ ಮತ್ತೆ ತೆಗೀಬೇಕು. ನೋವು ಶುರುವಾಗಿ ಒಂದು ಗಂಟೆನೂ ಆಗಿರದ ಮನುಷ್ಯನಿಗೆ ಒಂದೇ ಗೆರೆ ಬರದೆ ಇನ್ನೇನು ಬರುತ್ತೆ ಸ್ವಾಮಿ? ಕಾರ್ಡು ಸುಳ್ಳು ಹೇಳಿಲ್ಲ. ಸೊಸೈಟೀಲಿ ಹಾಲು ಅಳೆಯೋ ಹುಡುಗನೂ ಎಷ್ಟೊತ್ತಿಗೆ ಕರೆದಿದ್ದು ಅಂತ ಕೇಳ್ತಾನೆ. ಇವರು ಕೇಳ್ಲಿಲ್ಲ.

ಆ ಫೈಲು ಈಗ ಮಡಿಲಲ್ಲಿದೆ. "ನೋವು ಆರಂಭವಾದ ಸಮಯ" ಅನ್ನೋ ಖಾನೆ ಖಾಲಿ. ಪೆನ್ನು ತಾಗಿದ ಗುರುತೂ ಇಲ್ಲ. ಹಿಂದಿನ ಹಾಳೇಲಿ ಅಡ್ವಾನ್ಸ್ ಕಟ್ಟಿದ ಸಮಯ ಮಾತ್ರ ಮುತ್ತಿನಂಥ ಅಕ್ಷರದಲ್ಲಿ: 5.52. ಬಿಲ್ಲಲ್ಲಿ ಆ ಕಾರ್ಡಿಗೆ "ಕಾರ್ಡಿಯಾಕ್ ಮಾರ್ಕರ್" ಅಂತ ಬೇರೆ ದೊಡ್ಡ ಹೆಸರು. ಎರಡನೇ ಕಾರ್ಡಿಗೆ ದುಡ್ಡು ಕೊಡಲ್ಲ ಅಂದಿದ್ವಾ ನಾವು?

11ಕ್ಕೆ ವಾಂತಿ, ದವಡೆ ನೋವು. ಚಿಕ್ಕಬಳ್ಳಾಪುರದಲ್ಲಿ ಬೇರೆ ಕಡೆ ತೋರಿಸಿದ್ವಿ. ಟ್ರೋಪೋನಿನ್ ಐ 1840, ಪಕ್ಕದಲ್ಲೇ ಗಂಡಸರ ಮಿತಿ 34 ಅಂತ ಅಚ್ಚಾಗಿತ್ತು. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದೇ "ಎಷ್ಟೊತ್ತಿಗೆ ಶುರುವಾಯ್ತು?" ಅಂತ. ಅಲ್ಲೇ ಅತ್ತುಬಿಟ್ಟೆ. ಅಲ್ಲಿಂದ ಆಂಬುಲೆನ್ಸಲ್ಲಿ ಬೆಂಗಳೂರು, ಒಂದು ಸ್ಟೆಂಟ್. ಬದುಕಿದ್ದಾರೆ, ಮಾತಾಡ್ತಾರೆ. ಆ ಐದಾರು ಗಂಟೇಲಿ ಸತ್ತ ಸ್ನಾಯು ಮಾತ್ರ ವಾಪಸ್ ಬರಲ್ವಂತೆ.

ಆ ನರ್ಸಿಂಗ್ ಹೋಂಗೆ ಹೋಗಿ ಕೇಳಿದ್ದಕ್ಕೆ "ನಾವು ನೋಡಿದಾಗ ನೆಗೆಟಿವ್ ಇತ್ತಲ್ಲಮ್ಮ" ಅಂದ್ರು.

ಎಷ್ಟು ಹೇಳಿದ್ರೂ ಅಪ್ಪಂಗೆ ಇವತ್ತಿಗೂ ಡೌಟು ಅವರೆಕಾಳಿನ ಮೇಲೇ. ನಿನ್ನೆ ಅಮ್ಮ ಸೊಗಡು ಬಿಡೋ ಅವರೆಕಾಯಿ ತಂದಿದ್ಲು, ಪಕ್ಕದ ಮನೆಗೆ ಕೊಟ್ಟು ಕಳಿಸಿಬಿಟ್ರು.